ಆಡಿಟರ್ ಮಲ್ಲೇಶಪ್ಪನವರ ಒಟಿಪಿ

ಆಡಿಟರ್ ಮಲ್ಲೇಶಪ್ಪನವರು ಮಧ್ಯಾಹ್ನ ಉಂಡು ಮಲಗಿದರೆಂದರೆ ಕೊಟ್ಟೂರಿನ ಅರ್ಧ ಬಜಾರದ ತೆರಿಗೆ ಕೆಲಸ ನಿಂತುಬಿಡುತ್ತಿತ್ತು. ಅದು ಅವರ ಹಿರಿಮೆಯೇನಲ್ಲ. ಬಟ್ಟೆ ಅಂಗಡಿಯಿರಲಿ, ಗೊಬ್ಬರದ ಅಂಗಡಿಯಿರಲಿ, ಯಾರ ಜಿಎಸ್‌ಟಿ ನೋಂದಣಿ ಮಾಡಿಸಿದರೂ ಇವರು ಅದಕ್ಕೆ ತಮ್ಮ ಮೊಬೈಲ್ ನಂಬರನ್ನೇ ಕೊಟ್ಟುಬಿಡುತ್ತಿದ್ದರು. ರಿಟರ್ನ್ ಸಲ್ಲಿಸಲು ಬೇಕಾದ ಒಟಿಪಿ ವ್ಯಾಪಾರಿಗೆ ಬರುತ್ತಿರಲಿಲ್ಲ, ಇವರ ಅಂಗಿ ಜೇಬಿಗೆ ಬರುತ್ತಿತ್ತು. ಅಂಗಿ ಮನೆಯ ಗೂಟಕ್ಕೆ ನೇತುಬಿದ್ದಿದ್ದರೆ ಅವರ ಆಫೀಸಿನಲ್ಲಿ ಕೆಲಸಕ್ಕಿದ್ದ ನಾವು ಕೈಕಟ್ಟಿ ಕೂರಬೇಕು. "ಗಿರಾಕಿ ಬ್ಯಾರೆ ಕಡೆ ಹೋಗಬಾರ್ದು ಅಂದ್ರ ಅವನ ಬೀಗದ ಕೈ ನಮ್ಮ ಹತ್ರ ಇರಬೇಕವ್ವ" ಎಂದು ಅವರು ಇದನ್ನೊಂದು ದೊಡ್ಡ ವಿದ್ಯೆಯ ಹಾಗೆ ಹೇಳುತ್ತಿದ್ದರು.

ಬೋರ್ಡಿನ ಮೇಲೆ 'ಆಡಿಟರ್' ಎಂದು ಬರೆಸಲು ಅವರಿಗೆ ಧೈರ್ಯವಿರಲಿಲ್ಲ. ಜನ ಹಾಗೆ ಕರೆದರೆ ಬೇಡವೆನ್ನುವಷ್ಟು ಸಂಕೋಚವೂ ಇರಲಿಲ್ಲ. ಕಡುನೀಲಿ ಪ್ಯಾಂಟು, ಬಿಳಿ ಅಂಗಿ, ಹಣೆಗೆ ಅಗಲವಾದ ವಿಭೂತಿ. ಸಂಜೆ ಮಂಡಕ್ಕಿ, ಮಿರ್ಚಿ ತರಿಸಿಕೊಂಡು ತಿಂದು, ಅದೇ ಎಣ್ಣೆ ಕೈಯಲ್ಲಿ ಫೋನು ಹಿಡಿದು ಒಟಿಪಿಯನ್ನು ಒಂದೊಂದೇ ಅಂಕಿಯಾಗಿ ಓದುತ್ತಿದ್ದರು. ಕೊನೆಯ ಅಂಕಿಗೆ ಬರುವ ಮೊದಲು ಎದುರಿಗೆ ಕೂತ ಗಿರಾಕಿಯ ಮುಖ ನೋಡಿ ಒಂದಿಷ್ಟು ತಡೆಯುತ್ತಿದ್ದರು. ಆ ಗತ್ತಿನಲ್ಲಿ ಅವಧಿ ಮುಗಿದು ಮತ್ತೆ ಮೊದಲಿನಿಂದ ಶುರು ಮಾಡಿದ್ದು ಎಷ್ಟು ಸಲವೋ.

ನಾನು ಬಿ.ಕಾಂ. ಮುಗಿಸಿ ಕಾನಹೊಸಹಳ್ಳಿಯಿಂದ ದಿನಾ ಬಸ್ಸಿನಲ್ಲಿ ಅವರ ಆಫೀಸಿಗೆ ಬರುತ್ತಿದ್ದೆ. ಸಂಬಳಕ್ಕಿಂತ ಹೆಚ್ಚಾಗಿ ನನಗೆ ಬೇಕಾಗಿದ್ದದ್ದು ತೆರಿಗೆ ಸಲಹೆಗಾರರ ಪರೀಕ್ಷೆ. ಅದು ಪಾಸಾದರೆ ನನ್ನ ಊರಿನಲ್ಲೇ, ನನ್ನ ಹೆಸರಿನಲ್ಲೇ ಆಫೀಸು ತೆರೆಯಬಹುದಿತ್ತು. ಆಗದಿದ್ದರೆ ಇವರ ನಿದ್ದೆ ತಿಳಿಯುವುದನ್ನು ಕಾಯುತ್ತಾ ಆಯುಷ್ಯ ಕಳೆಯಬೇಕು. ಸೇರಿದ ದಿನ ಅವರು, "ಪುಸ್ತಕ ಗಿಸ್ತಕ ಯಾಕ? ನಮ್ಮ ಹತ್ರ ಇದ್ರ ಸಾಕು, ಎಲ್ಲಾ ತಾನ ಬರ್ತೈತಿ" ಅಂದಿದ್ದರು. ನಾನು ನಂಬಿದ್ದೆ.

ಅವರು ಕಲಿಸಿದ್ದು ಒಂದೇ ಮಾತು: "ಹೋದ ತಿಂಗಳದ್ದು ನೋಡಿ ಹಾಕು." ಈ ಖರೀದಿಗೆ ತೆರಿಗೆ ವಾಪಸು ಸಿಗುತ್ತದೋ ಇಲ್ಲವೋ ಎಂದು ಕೇಳಿದರೆ ಅದೇ ಉತ್ತರ. ಹೊಸ ನಿಯಮ ಬಂದಿದೆಯಲ್ಲ ಸರ್ ಎಂದರೂ ಅದೇ ಉತ್ತರ. ಒಮ್ಮೆ ಹಗರಿಬೊಮ್ಮನಹಳ್ಳಿಯ ಪೇಂಟಿನ ಅಂಗಡಿಯವರೊಬ್ಬರು ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತಾ ಬಂದರು. ಮನೆಯಲ್ಲಿ ಮದುವೆಯೆಂದು ಅವರು ಇಡೀ ತಿಂಗಳು ಅಂಗಡಿ ಮುಚ್ಚಿದ್ದರಂತೆ.

"ಸರ್, ಅಂಗಡಿ ಬಾಗ್ಲಾನ ತೆಗ್ದಿಲ್ಲ. ಅಷ್ಟು ವ್ಯಾಪಾರ ಆಗೇತಿ ಅಂತ ಹೆಂಗ ತೋರ್ಸಿದ್ರಿ?"

ಮಲ್ಲೇಶಪ್ಪನವರು ತಡಬಡಿಸಲಿಲ್ಲ. "ನಿಮ್ಮ ದುಡಿಮಿ ಮ್ಯಾಲೆ ನನಗ ಅಷ್ಟು ವಿಶ್ವಾಸ ಐತ್ರಿ. ಕುಂದರ್ರಿ, ಚಾ ಕುಡೀರಿ" ಅಂದರು. ಆ ಪುಣ್ಯಾತ್ಮರು ಚಹಾ ಕುಡಿದು, ನಮಸ್ಕಾರ ಮಾಡಿ ಹೋದರು. ತಪ್ಪು ಸರಿಪಡಿಸುವ ಕೆಲಸ ನನ್ನ ತಲೆಗೆ ಬಂತು. ಹೇಗೆಂದು ಕೇಳಿದಾಗ ಸರ್ ಆಗಲೇ ಊಟಕ್ಕೆ ಎದ್ದಿದ್ದರು.

ಕೊನೆಗೆ ನಾನು ಹೊಸಪೇಟೆಯಿಂದ ಪುಸ್ತಕ ತರಿಸಿಕೊಂಡು ಬಸ್ಸಿನಲ್ಲಿ ಓದತೊಡಗಿದೆ. ಪರೀಕ್ಷೆಗೆ ಹೆಸರು ಹಚ್ಚಲು ಕೂತಾಗ ಕಂಡಿತು ನೋಡಿ ಇವರ ಕೈಚಳಕ. ಸೇರಿದ ಹೊಸದರಲ್ಲಿ "ನಿನ್ನ ಸಲಹೆಗಾರರ ನೋಂದಣಿ ನಾನಾ ಮಾಡಸ್ತೀನಿ" ಎಂದು ಮುಂದೆ ಬಿದ್ದು ಮಾಡಿಸಿದ್ದರಲ್ಲ, ಅದಕ್ಕೂ ತಮ್ಮದೇ ನಂಬರು ಕೊಟ್ಟಿದ್ದರು! ನನ್ನ ಬೀಗದ ಕೈಯೂ ಅದೇ ಜೇಬಿನಲ್ಲಿತ್ತು. ನನಗೆ ಮೈಯೆಲ್ಲ ಉರಿಯಿತು.

"ಸರ್, ಒಟಿಪಿ ಬಂದೈತೇನ್ರಿ?"

"ಇಲ್ಲವ್ವ. ನೆಟ್‌ವರ್ಕ್ ಇಲ್ಲ."

ಬೇರೆಯವರ ಒಟಿಪಿ ಬರುವಾಗೆಲ್ಲ ಚೆನ್ನಾಗಿರುತ್ತಿದ್ದ ನೆಟ್‌ವರ್ಕು ನನ್ನ ಹೊತ್ತಿಗೇ ಹೋಗುತ್ತಿತ್ತು. ಒಮ್ಮೆ ಚಾರ್ಜ್ ಇಲ್ಲ ಅಂದರು. ಇನ್ನೊಮ್ಮೆ ಇಟ್ಟಿಗಿ ಎಂಬ ಊರಿಗೆ ಯಾರದೋ ಗೃಹಪ್ರವೇಶಕ್ಕೆ ಹೋಗಿ ಫೋನನ್ನೇ ಎತ್ತಲಿಲ್ಲ. ಹೆಸರು ಹಚ್ಚಲು ಕೊನೆಯ ದಿನ ಬಂದೇಬಿಟ್ಟಿತು. ಅವತ್ತು ಅವರು ಉಂಡು ಮಲಗಿದ್ದ ಹೊತ್ತು ನೋಡಿ, ಅಳು ಸಿಟ್ಟು ಎರಡನ್ನೂ ನುಂಗಿಕೊಂಡು ಫೋನು ಮಾಡಿದೆ. ಎತ್ತಿದವರು ಅವರ ಹೆಂಡತಿ ಗಿರಿಜಮ್ಮ.

"ಅವ್ರು ಮಲಗ್ಯಾರವ್ವ. ಏನಾಗಬೇಕಿತ್ತು?"

ಹೇಳಿದೆ. ಗಿರಿಜಮ್ಮ ದನಿ ತಗ್ಗಿಸಿ, "ತಡಿ, ನಾನಾ ಓದ್ತೀನಿ" ಎಂದು ಅಂಕಿಗಳನ್ನು ಪಟಪಟ ಹೇಳಿಬಿಟ್ಟರು. ಗತ್ತಿಲ್ಲ, ಬಿಗುಮಾನವಿಲ್ಲ. ನಾನು ಒತ್ತಿದೆ. ಹೆಸರು ನೋಂದಣಿಯಾಯಿತು.

"ಆತೇನವ್ವ?"

"ಆತ್ರಿ ಅಮ್ಮಾ."

"ನೀನರ ಪಾಸಾಗು. ಇವ್ರೂ ಎರಡು ಸಲ ಬರದ್ರು, ಆಗಲಿಲ್ಲ. ನಾ ಹೇಳಿದ್ನಂತ ಯಾರ ಮುಂದೂ ಅನಬ್ಯಾಡ" ಎಂದು ಫೋನಿಟ್ಟರು.

ಅಲ್ಲಿಗೆ ಎಲ್ಲವೂ ತಿಳಿಯಿತು. ತಮ್ಮ ಹೆಸರಿನಲ್ಲಿ ಬೇರೆಯವರ ರಿಟರ್ನ್ ಸಲ್ಲಿಸುವ ಅಧಿಕಾರವೇ ಈ ಮನುಷ್ಯನಿಗಿರಲಿಲ್ಲ. ಅದಕ್ಕೇ ಪ್ರತಿಯೊಬ್ಬ ವ್ಯಾಪಾರಿಯ ಖಾತೆಯೊಳಗೆ ಆ ವ್ಯಾಪಾರಿಯೇ ಆಗಿ ಹೊಕ್ಕು ಬರುತ್ತಿದ್ದರು. ತಮಗೆ ದಕ್ಕದ್ದು ತಮ್ಮ ಆಫೀಸಿನ ಹುಡುಗಿಗೂ ದಕ್ಕಬಾರದಿತ್ತು. ಕನಿಕರ ಬರಬೇಕಿತ್ತೇನೋ. ನನಗೆ ಬರಲಿಲ್ಲ, ಹೇಸಿಗೆ ಬಂತು.

ಪರೀಕ್ಷೆ ಬರೆದೆ, ಪಾಸಾದೆ. ಕೆಲಸ ಬಿಡುತ್ತೇನೆಂದು ಹೇಳಲು ಪೇಡೆ ಹಿಡಿದುಕೊಂಡು ಹೋದ ದಿನ ಅವರು ಒಬ್ಬರೇ ಕೂತಿದ್ದರು. ಪೇಡೆ ಬಾಯಿಗೆ ಹಾಕಿಕೊಂಡರು. ನಂಬರಿನ ಮಾತು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಆಮೇಲೆ ಬಾಗಿಲ ಕಡೆ ಒಮ್ಮೆ ನೋಡಿ ಕೇಳಿದರು.

"ಪ್ರಶ್ನಿ ಹೆಂಗಿದ್ವು?"

"ಭಾಳ ಸರಳ ಇದ್ವು ಸರ್." ಸರಳವೇನೂ ಇರಲಿಲ್ಲ.

"ಯಾವ ಪುಸ್ತಕ ಓದಿದಿ?"

ಅಷ್ಟು ದಿನ ಒಳಗೇ ಕುದಿಯುತ್ತಿದ್ದದ್ದು ಆಗ ಹೊರಗೆ ಬಂತು. ನನಗೆ ಸಾಧ್ಯವಾದಷ್ಟೂ ಕುಹಕವನ್ನು ದನಿಯಲ್ಲಿ ತುಂಬಿ, "ಪುಸ್ತಕ ಯಾಕ್ರಿ ಸರ್? ನೀವು ಕಲಿಸಿದ್ನ ಬರದೆ, ಅಷ್ಟ" ಎಂದೆ. ಸಿಟ್ಟಾಗಲಿ, ಬೈಯಲಿ, ಎದ್ದು ಹೋಗೆನ್ನಲಿ ಎಂದು ಕಾದೆ.

ಮಲ್ಲೇಶಪ್ಪನವರ ಕಣ್ಣು ತುಂಬಿದವು. "ಈ ಮಾತು ಇಲ್ಲಿ ತನಕ ಯಾರೂ ಅಂದಿರ್ಲಿಲ್ಲವ್ವ" ಎಂದು ನನ್ನ ತಲೆಯ ಮೇಲೆ ಕೈಯಿಟ್ಟರು.

ಈಗ ಕಾನಹೊಸಹಳ್ಳಿಯಲ್ಲಿ ನನ್ನದೇ ಆಫೀಸಿದೆ. ಕೊಟ್ಟೂರಿನಿಂದ ಬಂದವರು ಹೇಳುತ್ತಾರೆ: ಸರ್ ಬಂದಬಂದವರ ಮುಂದೆಲ್ಲ ನನ್ನ ಆ ಮಾತನ್ನೇ ಹೇಳಿಕೊಂಡು ತಿರುಗುತ್ತಿದ್ದಾರಂತೆ. ನಿಜವೇನ್ರಿ ಮೇಡಂ ಎಂದು ಅವರು ಕೇಳುತ್ತಾರೆ. ನಾನು ಹೌದೆನ್ನುತ್ತೇನೆ.