ರಾಮದುರ್ಗದ ಖಾಲಿ ಪುಟ

ಎಪ್ಪತ್ತರ ದಶಕದಲ್ಲಿ ನಾನು ಬೈಲಹೊಂಗಲದ ಒಂದು ಬಾಲವಾಡಿಯಲ್ಲಿ ಅಕ್ಕೋರು ಆಗಿದ್ದೆ. ಮೂವತ್ತು ಮಕ್ಕಳ ಮೂಗು ಒರೆಸುವುದು, ಹಾಡು ಕಲಿಸುವುದು, ಮಧ್ಯಾಹ್ನ ಉಪ್ಪಿಟ್ಟು ಬಡಿಸುವುದು, ಸಾಹೇಬರು ಬಂದರೆ ಎಲ್ಲರ ಕೈಯಿಂದ ನಮಸ್ಕಾರ ಮಾಡಿಸುವುದು, ಇದು ಕೆಲಸ. ಧಾರವಾಡದಲ್ಲಿ ನನ್ನ ಜೊತೆ ತರಬೇತಿ ಮುಗಿಸಿದ ಮೂವರು ಹೆಂಗಸರು ಕಿತ್ತೂರು, ಸವದತ್ತಿ, ರಾಮದುರ್ಗಗಳಲ್ಲಿ ಇದೇ ಕೆಲಸಕ್ಕೆ ಸೇರಿದ್ದರು. ಬೇರೆಯಾಗುವ ದಿನ ನಾವು ನಾಲ್ವರೂ ಒಂದು ದಪ್ಪ ರಟ್ಟಿನ ವಹಿ ಕೊಂಡೆವು. ಪ್ರತಿ ಸಲ ಒಬ್ಬೊಬ್ಬರಿಗೆ ಒಂದು ಹೊಸ ಪುಟ. ಕೆಲಸದಲ್ಲಿ ಏನು ತೊಡಕು ಬಂತೋ ಬರೆಯುವುದು, ಉಳಿದವರ ತೊಡಕಿಗೆ ಗೊತ್ತಿದ್ದ ಉಪಾಯ ಹೇಳುವುದು, ಹಳೆಯ ಬಟ್ಟೆಯಲ್ಲಿ ಸುತ್ತಿ ಪರಿಚಯದ ಕಂಡಕ್ಟರನ ಕೈಯಲ್ಲಿ ಮುಂದಿನ ಊರಿಗೆ ಕಳಿಸುವುದು. ಕಿತ್ತೂರಿನಿಂದ ನನಗೆ, ನನ್ನಿಂದ ಸವದತ್ತಿಗೆ, ಅಲ್ಲಿಂದ ರಾಮದುರ್ಗಕ್ಕೆ, ಮತ್ತೆ ಕಿತ್ತೂರಿಗೆ. ಒಂದು ಸುತ್ತಿಗೆ ಹದಿನೈದು ದಿನ.

ಬರೆದವರ ಹೆಸರಿನ ಜಾಗದಲ್ಲಿ ಊರಿನ ಹೆಸರಷ್ಟೇ ಹಾಕುತ್ತಿದ್ದೆವು. ಬರಬರುತ್ತಾ ನಮ್ಮ ಹೆಸರುಗಳೇ ಮರೆತಂತಾಗಿ, 'ಸವದತ್ತಿಗೆ ಸೊಂಟನೋವಂತೆ', 'ಕಿತ್ತೂರಿಗೆ ಮದುವೆ ಗೊತ್ತಾಯಿತಂತೆ' ಎಂದು ನಗುತ್ತಿದ್ದೆವು. ಆ ವಹಿ ಬಂದ ದಿನ ನನಗೆ ಹಬ್ಬ. ಬಟ್ಟೆ ಬಿಚ್ಚುವಾಗ ಮಕ್ಕಳಿಗಿಂತ ನನ್ನ ಗದ್ದಲವೇ ಹೆಚ್ಚು. ರಾಮದುರ್ಗದಿಂದ ಕಿತ್ತೂರಿಗೆ ಹೋಗುವಾಗ ಅದು ನಮ್ಮ ಬಸ್‌ಸ್ಟ್ಯಾಂಡಿನಲ್ಲೇ ಬಸ್ಸು ಬದಲಿಸಬೇಕು, ಹತ್ತಿಸಿ ಕಳಿಸುವ ಕೆಲಸ ನನ್ನದು. ಆಗ ಅದನ್ನು ತೆರೆಯುವ ಹಕ್ಕು ನನಗಿರಲಿಲ್ಲ, ಆದರೂ ತೆರೆಯುತ್ತಿದ್ದೆ.

ನಮ್ಮ ಬರವಣಿಗೆ ಮಾತ್ರ ಅಚ್ಚ ಪುಸ್ತಕದ ಕನ್ನಡದಲ್ಲಿ. ಎದುರುಬದುರು ಕುಳಿತರೆ 'ಯವ್ವಾ', 'ಹೌದಲ್ರಿ' ಎಂದು ಗಲ್ಲ ಹಿಡಿದು ಮಾತಾಡುವವರು, ಪೆನ್ನು ಹಿಡಿದ ಕೂಡಲೇ ಕಚೇರಿಯ ಹುಕುಮಿನಂತೆ ಬರೆಯುತ್ತಿದ್ದೆವು. ತರಬೇತಿಯಲ್ಲಿ ಹಾಗೆ ತಿದ್ದಿಸಿದ್ದರು.

ಒಂದು ಸುತ್ತಿನಲ್ಲಿ ರಾಮದುರ್ಗ ಹೀಗೆ ಬರೆದಿದ್ದಳು: "ನಮ್ಮ ಬಾಲವಾಡಿಗೆ ಬರುವ ಒಂದು ಮಗುವಿಗೆ ಮೂರು ವರ್ಷ ದಾಟಿದೆ. ಕರೆದರೆ ತಿರುಗಿ ನೋಡುತ್ತದೆ. ಹಾಡಿದರೆ ಕೈ ತಟ್ಟುತ್ತದೆ. ಮಾತು ಮಾತ್ರ ಇಲ್ಲ. ಏನು ಮಾಡಬೇಕು?"

ನನಗೆ ಹುಮ್ಮಸ್ಸು ಬಂತು. ಹಿಂದೆಮುಂದೆ ನೋಡದೆ ಬರೆದೆ: "ಮಗುವಿನ ತಾಯಿಯನ್ನು ಕರೆಯಿಸಿರಿ. ಮನೆಯಲ್ಲಿ ಮಕ್ಕಳೊಂದಿಗೆ ಮಾತನಾಡದ ತಾಯಂದಿರಿಂದಲೇ ಹೀಗಾಗುತ್ತದೆ. ಮೊದಲು ತಾಯಿಗೆ ಬುದ್ಧಿ ಹೇಳಿ, ಆಮೇಲೆ ಮಗುವನ್ನು ನೋಡಿರಿ. ಬೈಲಹೊಂಗಲ." ಬರೆದು, ಅಕ್ಷರ ದುಂಡಗೆ ಬಂದಿವೆ ಎಂದು ಎರಡು ಸಲ ನೋಡಿಕೊಂಡೆ.

ಆ ಸುತ್ತು ಮುಗಿಸಿ ವಹಿ ನಮ್ಮ ಬಸ್‌ಸ್ಟ್ಯಾಂಡಿಗೆ ಬಂದಾಗ ಕದ್ದು ತೆರೆದೆ. ರಾಮದುರ್ಗದ ಪುಟ ಖಾಲಿ. ಕೆಳಗೆ ಊರಿನ ಹೆಸರೊಂದೇ. ಹೇಳುವುದು ಏನೂ ಇಲ್ಲದಿದ್ದರೆ 'ಕ್ಷೇಮ' ಎಂದಾದರೂ ಬರೆಯಬೇಕೆಂಬುದು ನಾವೇ ಮಾಡಿಕೊಂಡ ನಿಯಮ. ನನಗೆ ಸಿಟ್ಟು ನೆತ್ತಿಗೇರಿತು. ಕೇಳಿದ್ದಕ್ಕೆ ಉತ್ತರ ಕೊಟ್ಟೆ, ಒಂದು ಒಳ್ಳೆಯ ಮಾತು ಬೇಡವೇ? ನನ್ನ ಸರದಿ ಬಂದಾಗ ಬರೆದೆ: "ಪ್ರಶ್ನೆ ಕೇಳುವವರಿಗೆ ಉತ್ತರ ಓದುವ ತಾಳ್ಮೆಯೂ ಇರಬೇಕು. ರಾಮದುರ್ಗದಲ್ಲಿ ಮಸಿ ತೀರಿದೆಯೇ?" ಮಸಿಯ ಮಾತು ಚೇಷ್ಟೆಗೆ ಬರೆದದ್ದು. ಬರೆಯುವಾಗ ನಾನು ನಕ್ಕದ್ದೂ ನಿಜ. ಆ ನಗು ಬೈಲಹೊಂಗಲದಲ್ಲೇ ಉಳಿಯಿತು, ಮಸಿಯಷ್ಟೇ ಬಸ್ಸು ಹತ್ತಿತು.

ಮೂರನೆಯ ದಿನ ಸವದತ್ತಿಯವರು ವಹಿಯನ್ನು ಬಗಲಲ್ಲಿ ಹಿಡಿದು ನಮ್ಮ ಬಾಲವಾಡಿಯ ಬಾಗಿಲಿಗೆ ತಾವೇ ಬಂದು ನಿಂತರು. ನಮ್ಮಲ್ಲಿ ಎಲ್ಲರಿಗಿಂತ ಹಿರಿಯರು ಅವರು. ಸೊಂಟನೋವಿನವರು ಬಸ್ಸಿನಲ್ಲಿ ಕುಲುಕಾಡಿಕೊಂಡು ಬಂದಿದ್ದಾರೆಂದರೆ ಏನೋ ಆಗಿದೆ ಎಂದುಕೊಂಡೆ.

"ಇದನ್ನ ನಾ ಮುಂದ ಕಳಸಲಿಲ್ಲ ಯವ್ವಾ," ಎಂದರು. "ಆ ಕೂಸು ಯಾರದು ಗೊತ್ತೈತೇನ ನಿನಗ?"

"ಯಾರದರೆ ಇರ್ಲಿ ಬಿಡ್ರಿ ಅಕ್ಕಾ. ಕೇಳ್ಯಾರ, ಹೇಳೇನಿ."

"ರಾಮದುರ್ಗದಾಕಿದ ಐತಿ, ನನಗೂ ಮೊನ್ನೆ ತಿಳೀತು. ಆಕಿ ಹೊಟ್ಟ್ಯಾಗ ಹುಟ್ಟಿದ ಮಗಳು."

ನನ್ನ ಕೈಯಲ್ಲಿದ್ದ ಸೌಟು ಉಪ್ಪಿಟ್ಟಿನ ಪಾತ್ರೆಯಲ್ಲೇ ಉಳಿಯಿತು. ಊರ ಮಕ್ಕಳಿಗೆಲ್ಲ ಮಾತು ಕಲಿಸುವ ಅಕ್ಕೋರ ಮಗಳಿಗೇ ಮಾತಿಲ್ಲ ಎಂದು ಯಾರ ಮುಂದೆ ಹೇಳಿಕೊಂಡಾಳು? ಅದಕ್ಕೇ 'ಒಂದು ಮಗು' ಎಂದು ಮರೆಮಾಡಿ ಕೇಳಿದ್ದಳು. ಕೇಳಲು ಅವಳಿಗಿದ್ದ ಜಾಗ ಅದೊಂದೇ ವಹಿ. ಅಲ್ಲಿಯೂ ನಾನು ಬಾಗಿಲು ಹಾಕಿದ್ದೆ.

ಕ್ಷಮೆ ಕೇಳಿ ಬರೆಯೋಣವೆಂದು ಕುಳಿತೆ. ಮೂರು ಸಲ ಬರೆದು ಮೂರು ಸಲ ಹರಿದೆ. ಪ್ರತಿ ಸಲವೂ ರಜೆಯ ಅರ್ಜಿಯಂತೆ ಕಾಣುತ್ತಿತ್ತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ಬರೆದ ಮಾತು ಹೋಗುವುದೂ ಇಲ್ಲ ಎನ್ನುವುದು ನನಗೆ ಆಗ ತಿಳಿಯಿತು. ಭಾನುವಾರ ಬೆಳಿಗ್ಗೆ ವಹಿಯನ್ನು ಚೀಲದಲ್ಲಿಟ್ಟುಕೊಂಡು ಬಸ್ಸು ಹತ್ತಿದೆ. ಯರಗಟ್ಟಿಯಲ್ಲಿ ಬಸ್ಸು ಬದಲಿಸಿ, ನಡುಮಧ್ಯಾಹ್ನಕ್ಕೆ ರಾಮದುರ್ಗದ ನೇಕಾರರ ಓಣಿಯಲ್ಲಿ ಅವಳ ಮನೆ ಹುಡುಕಿದೆ.

ನನ್ನನ್ನು ಕಂಡು ಅವಳ ಮುಖ ಬಿಗಿಯಾಯಿತು. ಆದರೂ, "ಬರ್ರಿ, ಬಿಸಲಾಗ ಬಂದೀರಿ, ಮೊದಲ ನೀರ ಕುಡೀರಿ," ಎಂದು ತಂಬಿಗೆ ನೀರು, ತಾಟಿನಲ್ಲಿ ಬೆಲ್ಲ ತಂದಿಟ್ಟಳು. ನಮ್ಮ ಕಡೆ ವೈರಿ ಬಂದರೂ ಮೊದಲು ಬೆಲ್ಲ-ನೀರು.

"ನನಗ ಗೊತ್ತಿರಲಿಲ್ರಿ, ನಿಮ್ಮ ಮಗಳಂತ," ಎಂದೆ.

"ಗೊತ್ತಿದ್ರ ಹಂಗ ಬರೀತಿದ್ದಿಲ್ಲ?"

"ಖರೇನ ಬರೀತಿದ್ದಿಲ್ರಿ."

ಅವಳು ಸೆರಗಿನ ತುದಿ ತಿರುವಿದಳು. "ಹಂಗಾರ, ಬ್ಯಾರೇ ತಾಯಿ ಆಗಿದ್ರ ಆಕಿ ಅಷ್ಟೂ ಅನಸ್ಕೋಬೇಕಾಗಿತ್ತು ಅಂದಂಗಾತಲ್ರಿ?"

ನಾನು ಅವಳೊಬ್ಬಳಿಗೆ ತಪ್ಪು ಮಾಡಿದೆನೆಂದು ಬಂದಿದ್ದೆ. ನಮ್ಮ ಬಾಲವಾಡಿಯ ಬಾಗಿಲಲ್ಲಿ ದಿನವೂ ಮಕ್ಕಳನ್ನು ಬಿಟ್ಟುಹೋಗುವ ತಾಯಂದಿರ ಮುಖಗಳು ಒಂದೊಂದಾಗಿ ಕಣ್ಣ ಮುಂದೆ ಬಂದವು. ಅವರಿಗೆಲ್ಲ ನಾನು ಬುದ್ಧಿ ಹೇಳಿದವಳೇ.

"ನೀವು ಬರದದ್ದನ್ನ ಒಂಬತ್ತ ಸಲ ಓದೇನ್ರಿ," ಎಂದಳು ಅವಳು. "ಆಕಿ ಕೂಡ ನಾ ಮುಂಜಾನಿಂದ ಮಾತಾಡತೇನಿ. ಗಂಟಲಾ ಬತ್ತೂ ಮಟಾ ಮಾತಾಡತೇನಿ."

ನನ್ನ ಕಣ್ಣಲ್ಲಿ ನೀರು ಬಂತು. ಅಷ್ಟರಲ್ಲಿ ಎರಡು ಜಡೆಯ ಪುಟ್ಟ ಹುಡುಗಿಯೊಂದು ಒಳಗಿನಿಂದ ಬಂದು, ನನ್ನನ್ನು ಮೇಲಿನಿಂದ ಕೆಳಗೆ ನೋಡಿ, ತಾಟಿನಲ್ಲಿದ್ದ ಬೆಲ್ಲದ ದೊಡ್ಡ ತುಂಡನ್ನೇ ಎತ್ತಿಕೊಂಡು ಹೋಯಿತು. ನಾವಿಬ್ಬರೂ ನಕ್ಕುಬಿಟ್ಟೆವು. ಆಮೇಲೆ ರೊಟ್ಟಿ, ಬದನೆಕಾಯಿ ಪಲ್ಯ ಉಂಡು ಸಂಜೆಯ ಬಸ್ಸಿಗೆ ಹೊರಟೆ. ವಹಿಯನ್ನು ಅವಳ ಕೈಗೇ ಕೊಟ್ಟೆ. ಬರೆಯಿರಿ ಎಂದೂ ಹೇಳಲಿಲ್ಲ, ಬೇಡವೆಂದೂ ಹೇಳಲಿಲ್ಲ.

ಆ ಹುಡುಗಿ ಐದು ತುಂಬುವ ಹೊತ್ತಿಗೆ ತಾನಾಗಿ ಮಾತು ಕಲಿತಳು, ನಮ್ಮ ನಾಲ್ವರಲ್ಲಿ ಯಾರ ಉಪಾಯದಿಂದಲೂ ಅಲ್ಲ. ಆದರೆ ಅದು ಮುಂದಿನ ಮಾತು. ಆಗ ನನಗಿದ್ದ ಚಿಂತೆ, ಅವಳು ಮತ್ತೆ ಬರೆಯುತ್ತಾಳೋ ಇಲ್ಲವೋ ಎಂಬುದೊಂದೇ.

ವಹಿ ನಮ್ಮ ಬಸ್‌ಸ್ಟ್ಯಾಂಡಿಗೆ ಬಂದಾಗ ಈ ಸಲ ನಾನು ತೆರೆಯಲಿಲ್ಲ. ಕಟ್ಟಿದ್ದ ಹಾಗೆಯೇ ಕಿತ್ತೂರಿನ ಬಸ್ಸಿಗೆ ಏರಿಸಿದೆ. ಅಲ್ಲಿಂದ ನನ್ನ ಸರದಿಗೆ ಬಂದಾಗ ಬಾಗಿಲಲ್ಲೇ ನಿಂತು ಬಟ್ಟೆ ಬಿಚ್ಚಿದೆ. ರಾಮದುರ್ಗದ ಪುಟದಲ್ಲಿ ಬರಹವಿತ್ತು: "ನನ್ನ ಮಗಳಿಗೆ ಮೂರು ವರ್ಷ ದಾಟಿದೆ. ಇನ್ನೂ ಮಾತು ಬಂದಿಲ್ಲ. ಏನು ಮಾಡಲಿ?"

ಅದರ ಕೆಳಗೆ ಕಿತ್ತೂರು ಬರೆದಿದ್ದಳು: "ನನ್ನ ತಮ್ಮ ಐದು ವರ್ಷಕ್ಕೆ ಮಾತಾಡಿದ. ಈಗ ಬಾಯಿ ಮುಚ್ಚು ಎಂದರೂ ಮುಚ್ಚುವುದಿಲ್ಲ. ಹೆದರಬೇಡಿರಿ ಅಕ್ಕಾ."

ಸಂಜೆ ನಾನು ಪೆನ್ನು ಹಿಡಿದು ಕುಳಿತೆ. ಮಕ್ಕಳೆಲ್ಲ ಮನೆಗೆ ಹೋಗಿದ್ದರು. ಕೊನೆಗೆ ಬರೆದೆ: "ನನಗೆ ಗೊತ್ತಿಲ್ಲ ಯವ್ವಾ. ಭಾನುವಾರ ಬರುತ್ತೇನೆ."