ರೇಷ್ಮೆ ಶಾಲು ಹೊದ್ದು ಹೇಳಿದ ಪಾಪ

ಆರನೇ ಕ್ಲಾಸಿಗೇ ಸ್ಕೂಲು ಬಿಟ್ಟ ನಾನು ಎಂಬತ್ತರ ದಶಕದ ಕೊನೆಯಲ್ಲಿ ಶಿಡ್ಲಘಟ್ಟದಲ್ಲಿ ರೇಷ್ಮೆಗೂಡಿನಿಂದ ನೂಲು ತೆಗೆಯುತ್ತಿದ್ದೆ. ಒಂದು ಸಂಜೆ ಭಜನೆ ಮನೆಗೆ ಉಪನ್ಯಾಸಕ್ಕೆ ಬಂದವರೊಬ್ಬರು, ಹುಳುವನ್ನು ಕುದಿನೀರಲ್ಲಿ ಕೊಲ್ಲುವ ಕೈ ದೇವರಿಗೆ ಸಲ್ಲದು ಎಂದರು. ಅವರ ಹೆಗಲ ಮೇಲೆಯೇ ರೇಷ್ಮೆ ಶಾಲು! ತೀರ್ಥಕ್ಕೆ ಚಾಚಿದ್ದ ಕೈಯನ್ನು ಹಿಂದಕ್ಕೆಳೆದುಕೊಂಡು ಎದ್ದು ಬಂದೆ.

ಬೆಳಗಾದರೂ ಮೈ ಉರಿ ಆರಿರಲಿಲ್ಲ. ನನಗೆ ಕೆಲಸ ಕಲಿಸಿದ ಮುದುಕಿಯನ್ನು ನಾವೆಲ್ಲ ಖಾಲಾ, ಅಂದರೆ ಚಿಕ್ಕಮ್ಮ, ಅನ್ನುತ್ತಿದ್ದೆವು. ಉಪನ್ಯಾಸದವರ ಮಾತು, ಅವರ ಶಾಲು ಎಲ್ಲ ಹೇಳಿ, "ಈ ಪಾಪದ ಕೆಲ್ಸ ಬಿಟ್ಬಿಡ್ತೀನಿ ಖಾಲಾ" ಎಂದೆ.

"ಬಿಡು ಬೇಟಾ. ಹಂಗೇ ಅವರ ಶಾಲ್ನೂ ಇಸ್ಕೊಂಡು ಬಾ, ವಾಪಸ್ ಹುಳ ಮಾಡಣ" ಎಂದು ನಕ್ಕರು.

ಆಮೇಲೆ, ದಿನಾ ಮಾಡುವಂತೆ, ಗೂಡನ್ನು ಬಿಸಿನೀರಿಗೆ ಹಾಕುವ ಮುಂಚೆ ಕಣ್ಣು ಮುಚ್ಚಿ ದುವಾ ಹೇಳಿಕೊಂಡರು. ಕಣ್ಣು ತೆರೆದು ನನಗೆ ಹೇಳಿದರು: "ಅದರ ಜೀವ ತಗೊಂತೀವಿ ಕಣಪ್ಪ. ಅದು ಕೊಟ್ಟ ಎಳೆ ದಂಡ ಮಾಡಿದ್ರೆ, ಅದು ಪಾಪ."

ಅಂದಿನಿಂದ ನಾನೂ ಗೂಡಿಗೆ ಕೈಮುಗಿದೇ ಒಲೆ ಮುಂದೆ ಕೂರುತ್ತಿದ್ದೆ. ಎಳೆ ಕಡಿದರೆ ಸುಡುವ ನೀರಿನಲ್ಲೇ ತುದಿ ಹುಡುಕಿ ಸೇರಿಸುತ್ತಿದ್ದೆ. ಅದಕ್ಕಿಂತ ದೊಡ್ಡ ಪೂಜೆ ನನಗೆ ಗೊತ್ತಿಲ್ಲ.

ಮುಂದಿನ ವಾರ ಭಜನೆ ಮನೆಗೆ ಹೋಗಿ ಮುಂದಿನ ಸಾಲಿನಲ್ಲೇ ಕೂತೆ. ಬೆಂದು ಬಿಳಿಚಿದ ಅದೇ ಕೈಯನ್ನು ತೀರ್ಥಕ್ಕೆ ಚಾಚಿದೆ. ಈ ಸಲ ಹಿಂದಕ್ಕೆಳೆಯಲಿಲ್ಲ.