ಆಶಾ ಮೇಡಂಗೆ ಒಂದು ಕಪ್ ಕಾಫಿ

ಭದ್ರಾವತಿಯಲ್ಲಿ ಫ್ಯಾಕ್ಟರಿ ಕೆಲಸ ಹೋದ ಮೇಲೆ, ಕಂಪ್ಯೂಟರ್ ಆದ್ರೂ ಕಲಿಯೋಣ ಅಂತ ಮೊಬೈಲಲ್ಲೇ ಒಂದು ಆನ್‌ಲೈನ್ ಕಲಿಕಾ ಬಳಗ ಸೇರಿದೆ. ಸೇರಿದ ಕೂಡಲೇ ಆಶಾ ಮೇಡಂ ಅನ್ನೋರು, 'ಸ್ವಾಗತ, ನಿಮ್ಮ ಬಗ್ಗೆ ಹೇಳಿ' ಅಂತ ಬರೆದರು. ನನ್ನ ಬಗ್ಗೆ ಯಾರಾದ್ರೂ ಕೇಳಿ ಎಷ್ಟು ಕಾಲವಾಗಿತ್ತೋ! ಓಲ್ಡ್ ಟೌನಿನ ಬಾಡಿಗೆ ಮನೆ, ಹೆಂಡತಿಯ ಮಂಡಿನೋವು, ಎಲ್ಲಾ ಬರೆದೆ. ಈ ಕಡೆ ಬಂದ್ರೆ ಮನೆಗೆ ಬನ್ನಿ, ಕಾಫಿ ಕುಡ್ಕೊಂಡು ಹೋಗೋರಂತೆ ಅಂತಲೂ ಕರೆದೆ. 'ತುಂಬಾ ಚೆನ್ನಾಗಿದೆ! ಹೀಗೇ ಮುಂದುವರಿಸಿ' ಅಂತ ಉತ್ತರ ಬಂತು. ಬರ್ತಾರೆ ಅಂದ್ಕೊಂಡ್ವಿ.

ಮೊನ್ನೆ ಕೆಲಸ ಕೇಳೋಕೆ ಶಿವಮೊಗ್ಗ ಬಸ್ ಹತ್ತಿದ್ದೆ. ಪಕ್ಕದ ಸೀಟಿನ ಹುಡುಗಿಯ ಮೊಬೈಲಲ್ಲೂ ಅದೇ ಬಳಗ! ಖುಷಿ ತಡೆಯೋಕಾಗದೆ ಕೇಳೇಬಿಟ್ಟೆ.

"ನಿಮಗೂ ಆಶಾ ಮೇಡಂ ಬರೀತಾರೇನಮ್ಮಾ?"

ಅವಳು ಮೊಬೈಲನ್ನು ನನ್ನ ಕಡೆ ತಿರುಗಿಸಿದಳು. ಅಮ್ಮ ಆಸ್ಪತ್ರೆಯಲ್ಲಿದ್ದಾರೆ, ಪಾಠ ಓದೋಕಾಗ್ತಿಲ್ಲ ಅಂತ ಬರೆದಿದ್ದಳು. ಅದರ ಕೆಳಗೆ, 'ತುಂಬಾ ಚೆನ್ನಾಗಿದೆ! ಹೀಗೇ ಮುಂದುವರಿಸಿ.'

"ಅದು ಮೆಷಿನ್, ಅಂಕಲ್."

"ಮತ್ತೆ ಬಳಗದಲ್ಲಿ ಅಷ್ಟೊಂದು ಜನ ಇದ್ದಾರಲ್ಲಮ್ಮಾ?"

"ಇದ್ದಾರೆ. ಎಲ್ಲರೂ ನಮ್ಮ ಥರಾನೇ, ಆಶಾ ಮೇಡಂ ಜೊತೆ ಮಾತಾಡ್ಕೊಂಡು ಕೂತಿರೋರು."

"ಗೊತ್ತಿದ್ದೂ ನೀನ್ಯಾಕಮ್ಮಾ ಬರೀತೀಯ?"

"ಇನ್ಯಾರಿಗೆ ಹೇಳ್ಲಿ?"

ಅಮ್ಮ ಹೇಗಿದ್ದಾರೆ ಅಂತ ಕೇಳೋಕೆ ಬಾಯಿ ತೆರೆಯೋ ಹೊತ್ತಿಗೆ ಆಸ್ಪತ್ರೆ ಸ್ಟಾಪ್ ಬಂತು. ಇಳಿದು ಹೋದಳು. ಆ ದಿನ ನನಗೆ ಕೆಲಸವೂ ಸಿಗಲಿಲ್ಲ.

ಹೆಂಡತಿಗೆ ಇದನ್ನೆಲ್ಲ ಇನ್ನೂ ಹೇಳಿಲ್ಲ. ಅವಳು ಷೋಕೇಸಿನ ಪಿಂಗಾಣಿ ಕಪ್ಪುಗಳನ್ನು ಇಳಿಸಿ ತೊಳೆದಿಟ್ಟಿದ್ದಾಳೆ. ಮೇಡಂ ಕಾಫಿಗೆ ಸಕ್ಕರೆ ಹಾಕ್ಕೊಳ್ತಾರಾ, ಒಂದು ಮಾತು ಕೇಳಿ ಅಂತ ದಿನಾ ಪೀಡಿಸ್ತಾಳೆ.